ಗೃಹವಾರ್ತೆ: ಯಾರ ಕೊರಳಿಗೆ, ಯಾವ ಹೊತ್ತಿಗೆ?



ದೀಪಾವಳಿಯ ಹಣತೆಗಳನ್ನು ತೊಳೆದು ಅಟ್ಟಕ್ಕೇರಿಸಿ ವಾರ ಕಳೆಯುವಷ್ಟರಲ್ಲಿ ಪುಣೆಗೆ ಚಳಿ ಬಂದುಬಿಡುತ್ತದೆ. ಬೆಳಿಗ್ಗೆ ಹಾಲು ತರಲು ಹೊರಟವರ ಹೆಗಲಿಗೆ ಶಾಲು ಏರುತ್ತದೆ. ಬಸ್ಸಿನ ಕಿಟಕಿಯ ಬಳಿಯ ಜಾಗಕ್ಕೆ ಜಗಳ ಕಡಿಮೆಯಾಗುತ್ತದೆ. ರಸ್ತೆಯ ಬದಿಯಲ್ಲಿ ಮಫ್ಲರು, ಟೊಪ್ಪಿಗೆ, ಸ್ಕಾರ್ಫುಗಳ ಸಾಲು ತೂಗುತ್ತವೆ. ಕಳೆದ ಸಂಚಿಕೆಯ ಅನಂತರ ಇಬ್ಬರು ಓದುಗರು ಈ ವಿಷಯವಾಗಿಯೇ ಕೇಳಿದ್ದಾರೆ. ಒಬ್ಬರ ಮಗಳು ಈ ವರ್ಷ ಕಾಲೇಜಿಗೆ ಸ್ಕೂಟರಿನ ಮೇಲೆ ಹೋಗತೊಡಗಿದ್ದಾಳೆ; ಆಕೆಗೆ ಎಂಥ ಸ್ಕಾರ್ಫು ಕೊಡಿಸಲಿ ಎಂದು ತಾಯಿಯ ಪ್ರಶ್ನೆ. ಇನ್ನೊಬ್ಬರ ಮಾವನವರು ವಿಜಯಪುರದಿಂದ ಬಂದು ಮಾಘ ಮಾಸದವರೆಗೆ ಇಲ್ಲಿಯೇ ಇರುವವರು. ಅವರಿಗೆ ಒಳ್ಳೆಯದೊಂದು ಮಫ್ಲರು ಬೇಕು. ಇಬ್ಬರಿಗೂ ಒಂದೇ ಅಂಗಡಿಯನ್ನು ತೋರಿಸಬಹುದು, ಆದರೆ ಒಂದೇ ಬಟ್ಟೆಯನ್ನು ತೋರಿಸಲು ಬಾರದು. ಬಣ್ಣ, ನೇಯ್ಗೆ, ಅಂಚುಗಳ ಮಾತು ಆಮೇಲಿನದು. ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಎರಡೇ: ಇದು ಯಾರ ಕೊರಳಿಗೆ? ಯಾವ ಹೊತ್ತಿಗೆ?

ಹೊತ್ತಿನ ಮಾತನ್ನು ಮೊದಲು ಹೇಳುತ್ತೇನೆ. ನಮ್ಮ ಪುಣೆಯ ಚಳಿ ಇಡೀ ದಿನದ ಚಳಿಯಲ್ಲ. ಡಿಸೆಂಬರ್, ಜನವರಿ ತಿಂಗಳಲ್ಲಿ ನಸುಕಿನ ಉಷ್ಣತೆ ಸಾಮಾನ್ಯವಾಗಿ 11-12 ಡಿಗ್ರಿಯ ಸುತ್ತ ಇರುತ್ತದೆ, ಕೆಲವು ರಾತ್ರಿ ಇನ್ನೂ ಕೆಳಗಿಳಿಯುತ್ತದೆ. ಅದೇ ದಿನ ಮಧ್ಯಾಹ್ನ 29-30 ಡಿಗ್ರಿಯ ಬಿಸಿಲು! 1928ರಲ್ಲಿ ಹವಾಮಾನ ಇಲಾಖೆಯ ಕಚೇರಿ ಶಿಮ್ಲಾದಿಂದ ಪುಣೆಗೆ ಬಂತು. ಮುಂದೆ ಮುಖ್ಯ ಕಚೇರಿ ದಿಲ್ಲಿಗೆ ಹೋದರೂ ಶಿವಾಜಿನಗರದ ಆ ಕಟ್ಟಡಕ್ಕೆ ಹಳೆಯ ಪುಣೇಕರರು ಇಂದಿಗೂ ಸಿಮ್ಲಾ ಆಫೀಸು ಎಂದೇ ಅನ್ನುತ್ತಾರೆ. ಈ ಊರಿನ ದಾಖಲೆಯಲ್ಲಿರುವ ಅತಿ ಕಡಿಮೆ ಉಷ್ಣತೆ 1935ರ ಜನವರಿ 17ರಂದು ಕಂಡ 1.7 ಡಿಗ್ರಿ. ಅಂಥ ದಿನ ನಮ್ಮ ಪಾಲಿಗೆ ಬರುವುದು ಅಪರೂಪ. ಹೀಗಿರುವಾಗ ಶಿಮ್ಲಾದವರಂತೆ ದಪ್ಪ ಕೋಟನ್ನು ಕೊಂಡು ಹತ್ತು ಗಂಟೆಗೆಲ್ಲ ತೋಳಿನ ಮೇಲೆ ಹೊತ್ತು ತಿರುಗುವುದರಲ್ಲಿ ಅರ್ಥವಿಲ್ಲ. ಆರು ಗಂಟೆಗೆ ಸುತ್ತಿಕೊಂಡು, ಹತ್ತಕ್ಕೆ ಮಡಿಸಿ ಚೀಲದಲ್ಲಿಟ್ಟು, ಸಂಜೆ ಏಳಕ್ಕೆ ಮತ್ತೆ ತೆಗೆಯಬಹುದಾದ ಉಡುಪು ಒಂದೇ. ಅದು ಕೊರಳ ವಸ್ತ್ರ. ಸ್ವೆಟರಿಗಿಂತಲೂ ಅದು ಈ ಊರಿಗೆ ಒಪ್ಪುವುದು ಇದೇ ಕಾರಣದಿಂದ.

ಇದು ಹೊಸ ಕಾಲದ ಷೋಕಿಯೆಂದು ಮೂಗು ಮುರಿಯುವ ಹಿರಿಯರಿಗೆ ಒಂದು ಮಾತು. ಹೆಗಲ ಮೇಲೊಂದು ಬಿಡಿಬಟ್ಟೆ ನಮ್ಮ ಹಿಂದಿನವರಿಗೆ ಇಲ್ಲದ ದಿನವೇ ಇರಲಿಲ್ಲ. ಉತ್ತರೀಯ, ಅಂಗವಸ್ತ್ರ, ಶಲ್ಯ, ನಮ್ಮ ಉತ್ತರ ಕರ್ನಾಟಕದ ವಲ್ಲಿ, ಕುರುಬರ ಕಂಬಳಿ, ಕೂಸಿನ ಕುಂಚಿಗೆ: ಎಷ್ಟು ಹೆಸರುಗಳು! ನೆರೆಯ ಮರಾಠಿಯವರಲ್ಲಿಯೂ ಉಪರಣೆ, ಶೇಲಾ, ಘೊಂಗಡಿ, ಕಾನಟೋಪಿ ಎಂದು ಅಷ್ಟೇ ದೊಡ್ಡ ಸಂಸಾರ. ನಮ್ಮ ಕುಂಚಿಗೆಯೂ ಅವರ ಕುಂಚಿಯೂ ಒಂದೇ ಎಂಬುದನ್ನು ಬಾಣಂತಿಯ ಕೋಣೆಗೆ ಹೋದ ಯಾರೂ ಬಲ್ಲರು. ಮಫ್ಲರು, ಸ್ಕಾರ್ಫು ಎಂಬ ಇಂಗ್ಲಿಷ್ ಹೆಸರು ಮಾತ್ರ ಹೊಸದು.

ಇನ್ನು ಬಟ್ಟೆಯ ಆಯ್ಕೆ. ಅಂಗಡಿಯವನು ಎಲ್ಲವನ್ನೂ ಉಣ್ಣೆಯೆಂದೇ ಕೊಡುತ್ತಾನೆ. ಆದರೆ ನಾವು ಕೊಳ್ಳುವ ಅಗ್ಗದ ಮಫ್ಲರುಗಳಲ್ಲಿ ಬಹುಪಾಲು ಆಕ್ರಿಲಿಕ್, ಅಂದರೆ ಕಾರ್ಖಾನೆಯಲ್ಲಿ ರಾಸಾಯನಿಕದಿಂದ ತೆಗೆದ ನೂಲು. ನಮ್ಮ ಅಕ್ಕತಂಗಿಯರು ಹೆಣೆಯುತ್ತಿದ್ದ ಕ್ಯಾಶ್ಮಿಲಾನ್ ಕೂಡ ಇದೇ ಜಾತಿಯದು. ಹೆಸರು ಕಾಶ್ಮೀರದ ನೆನಪು ತಂದರೂ ಕಾಶ್ಮೀರದ ಕುರಿಗೂ ಅದಕ್ಕೂ ಸಂಬಂಧವಿಲ್ಲ. ಆಕ್ರಿಲಿಕ್ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಅಗ್ಗ, ಹಗುರ, ಒಗೆಯಲು ಸುಲಭ, ನುಸಿ ತಿನ್ನುವುದಿಲ್ಲ. ಆದರೆ ಅದು ಬೆವರನ್ನು ಹೀರುವುದಿಲ್ಲ. ಕೊರಳು ಒದ್ದೆಯಾಗಿ ಆಮೇಲೆ ಗಾಳಿ ತಾಗಿದರೆ ಚಳಿ ಹೆಚ್ಚುತ್ತದೆ. ಉಣ್ಣೆಯ ಗುಣವೇ ಬೇರೆ. ಅದರ ಸುರುಳಿ ಸುರುಳಿ ಎಳೆಗಳ ನಡುವೆ ಗಾಳಿ ನಿಲ್ಲುತ್ತದೆ, ನಿಂತ ಗಾಳಿಯೇ ನಮ್ಮ ಮೈಯ ಬಿಸಿಯನ್ನು ಹೊರಗೆ ಬಿಡದೆ ಕಾಯುತ್ತದೆ. ತನ್ನ ತೂಕದ ಸುಮಾರು ನೂರಕ್ಕೆ ಮೂವತ್ತರಷ್ಟು ತೇವವನ್ನು ಹೀರಿಕೊಂಡರೂ ಉಣ್ಣೆ ಮುಟ್ಟಿದರೆ ಒದ್ದೆ ಎನಿಸುವುದಿಲ್ಲ. ಮೂರನೆಯದು ಹತ್ತಿ. ಪುಣೆಯ ಚಳಿಗೆ ದಪ್ಪ ನೇಯ್ಗೆಯ ಹತ್ತಿಬಟ್ಟೆಯನ್ನು ಎರಡು ಸುತ್ತು ಸುತ್ತಿದರೆ ಹರೆಯದವರಿಗೆ ಧಾರಾಳವಾಗಿ ಸಾಕು.

ಯಾವುದು ಯಾವುದೆಂದು ತಿಳಿಯಲು ಮನೆಯಲ್ಲಿಯೇ ಒಂದು ಪರೀಕ್ಷೆ ಉಂಟು. ಕುಚ್ಚಿನಿಂದ ಒಂದೇ ಎಳೆಯನ್ನು ಕಿತ್ತು, ಚಿಮಟದಲ್ಲಿ ಹಿಡಿದು, ಸ್ಟೀಲಿನ ತಟ್ಟೆಯ ಮೇಲೆ ಕಡ್ಡಿ ಗೀರಿ ತಾಗಿಸಿ. ಕೂದಲು ಸುಟ್ಟ ವಾಸನೆ ಬಂದು, ಕರಿ ಬೂದಿ ಬೆರಳಲ್ಲಿ ಪುಡಿಯಾದರೆ ಉಣ್ಣೆ ಇಲ್ಲವೆ ರೇಷ್ಮೆ. ಕಾಗದ ಸುಟ್ಟ ವಾಸನೆ ಬಂದು ಮೆತ್ತನೆಯ ಬೂದಿ ಉಳಿದರೆ ಹತ್ತಿ ಇಲ್ಲವೆ ವಿಸ್ಕೋಸು. ಎಳೆ ಕರಗಿ ಗಟ್ಟಿ ಮಣಿಯಾದರೆ ಆಕ್ರಿಲಿಕ್ ಮೊದಲಾದ ಕೃತಕ ನೂಲು. ಮಕ್ಕಳನ್ನು ದೂರ ಕೂಡಿಸಿ ಈ ಪರೀಕ್ಷೆ ಮಾಡಿರಿ.

ಪಶ್ಮಿನಾದ ಬಗೆಗೆ ಎಲ್ಲರಿಗೂ ಕುತೂಹಲ. ನಿಜವಾದ ಪಶ್ಮಿನಾ ಲಡಾಖಿನ ಚಾಂಗ್‌ಥಾಂಗ್ ಪ್ರಸ್ಥಭೂಮಿಯ ಆಡುಗಳ ಒಳತುಪ್ಪಳ. ಎಳೆಯ ದಪ್ಪ ಸುಮಾರು 12ರಿಂದ 16 ಮೈಕ್ರಾನ್, ಅಂದರೆ ನಮ್ಮ ತಲೆಗೂದಲಿನ ನಾಲ್ಕನೆಯ ಒಂದು ಪಾಲಿನಷ್ಟು ಇದ್ದೀತು. ಅದನ್ನು ಬಾಚಿ, ಕೈಯಿಂದ ನೂತು, ಕಾಶ್ಮೀರದ ಮಗ್ಗದಲ್ಲಿ ನೇಯಬೇಕು. ಇಷ್ಟು ಕೈಗಳನ್ನು ದಾಟಿ ಬಂದ ಶಾಲು ಫುಟ್‌ಪಾತಿನ ಮೇಲೆ ಮುನ್ನೂರು ರೂಪಾಯಿಗೆ ಸಿಕ್ಕುವುದಾದರೂ ಹೇಗೆ? ಉಂಗುರದೊಳಗಿಂದ ಎಳೆದು ತೋರಿಸಿದರೆ ಅದು ಪಶ್ಮಿನಾ ಎಂದು ನಂಬಬೇಡಿ. ತೆಳು ವಿಸ್ಕೋಸಿನ ಸ್ಟೋಲು ಕೂಡ ಉಂಗುರದಲ್ಲಿ ಜಾರುತ್ತದೆ. ಶಾಹ್‌ತೂಸ್ ಎಂದು ಯಾರಾದರೂ ಪಿಸುಗುಟ್ಟಿದರೆ ಅಲ್ಲಿಂದ ಎದ್ದು ಬರುವುದೇ ಲೇಸು. ಅದು ಟಿಬೆಟಿನ ಚಿರು ಎಂಬ ಜಿಂಕೆಯಂಥ ಪ್ರಾಣಿಯನ್ನು ಕೊಂದು ತೆಗೆದ ತುಪ್ಪಳ. 1972ರ ವನ್ಯಜೀವಿ ಸಂರಕ್ಷಣಾ ಕಾಯದೆಯ ಕೆಳಗೆ ಅದರ ವ್ಯಾಪಾರ ಅಪರಾಧ.

ಕೊಳ್ಳುವುದೆಲ್ಲಿ? ತುಳಶೀಬಾಗದ ಓಣಿಗಳು, ಕ್ಯಾಂಪಿನ ಫ್ಯಾಷನ್ ಸ್ಟ್ರೀಟು, ಡೆಕ್ಕನ್ ಜಿಮಖಾನೆಯ ಹಾಂಗ್‌ಕಾಂಗ್ ಲೇನು, ಇವು ಎಲ್ಲರಿಗೂ ಗೊತ್ತು. ಹತ್ತಿಯ ಸ್ಟೋಲುಗಳಿಗೆ ಅವೇ ಸಾಕು. ಉಣ್ಣೆಗೆ ಚಳಿಗಾಲದಲ್ಲಿ ಬರುವ ಟಿಬೆಟಿಯನ್ನರ ಅಂಗಡಿಗಳನ್ನು ನೋಡಬಹುದು. ಅವರ ಮುಖ ನೋಡಿ ಹಿಮಾಲಯದಿಂದ ನೇರ ಇಳಿದು ಬಂದವರೆಂದು ನಾವು ಭಾವಿಸುತ್ತೇವೆ. ಆದರೆ 1959ರ ಅನಂತರ ಭಾರತಕ್ಕೆ ಬಂದ ಟಿಬೆಟಿಯನ್ನರಿಗೆ ಬೈಲಕುಪ್ಪೆ, ಮುಂಡಗೋಡಗಳಲ್ಲಿ ನೆಲೆ ಕೊಟ್ಟದ್ದು ನಮ್ಮ ನಾಡು. ಅಲ್ಲಿ ಮುಸುಕಿನ ಜೋಳದ ಸುಗ್ಗಿ ಮುಗಿಸಿ, ಲುಧಿಯಾನದಿಂದ ಮಾಲು ತರಿಸಿ, ಊರೂರಿಗೆ ಸ್ವೆಟರು ಮಾರಲು ಹೊರಡುವ ಕುಟುಂಬಗಳು ಬಹಳ. ಮುಂಡಗೋಡದವರು ಸಿಕ್ಕಾರೆಂದು ಒಂದು ಸಲ ಕನ್ನಡದಲ್ಲಿ ಬೆಲೆ ಕೇಳಿ ನೋಡಿರಿ. ಕನ್ನಡದಲ್ಲಿ ಉತ್ತರ ಬಂದರೆ, ಬೆಲೆ ಇಳಿಯದಿದ್ದರೂ ಮನಸ್ಸು ತಂಪಾದೀತು.

ಈಗ ಮೊದಲನೆಯ ಸೋದರಿಯ ಮಗಳ ಮಾತು. ತಲೆ, ಮೂಗು, ಬಾಯಿ ಎಲ್ಲ ಸುತ್ತಿ, ಎರಡು ಕಣ್ಣು ಮಾತ್ರ ಬಿಟ್ಟು ಗಾಡಿಯ ಮೇಲೆ ಹೋಗುವ ಹುಡುಗಿಯರು ಪುಣೆಯ ಗುರುತೇ ಆಗಿದ್ದಾರೆ. ಊರಿಂದ ಬಂದ ನಮ್ಮ ಹಿರಿಯರಿಗೆ ಇದು ಮೊದಲ ದಿನ ಗಾಬರಿ, ಎರಡನೆಯ ದಿನ ಟೀಕೆ. "ಮುಖ ಮುಚ್ಚಿಕೊಂಡು ಹೋಗುವಂಥದ್ದು ಏನು ಮಾಡಿದ್ದಾರೆ?" ಎಂದು ಕೇಳುತ್ತಾರೆ. ನಮ್ಮ ಕಚೇರಿಯ ಕಿರಿಯ ಗೆಳತಿಯೊಬ್ಬಳು ಇದಕ್ಕೆ ಕೊಟ್ಟ ಉತ್ತರವನ್ನೇ ಇಲ್ಲಿ ಬರೆಯುತ್ತೇನೆ: "ಬಿಸಿಲು, ಧೂಳು, ಥಂಡಿ ಮೂರೂ ನಿಜ. ನಾಲ್ಕನೆಯದು, ಸಿಗ್ನಲ್ಲಿನಲ್ಲಿ ನಿಂತಾಗ ಪಕ್ಕದವರು ನನ್ನ ಮುಖವನ್ನು ದಿಟ್ಟಿಸುವುದಿಲ್ಲ." ಹೆಣ್ಣುಮಕ್ಕಳ ತಾಯಂದಿರು ಈ ನಾಲ್ಕನೆಯ ಕಾರಣವನ್ನು ಸ್ವಲ್ಪ ಯೋಚಿಸಬೇಕು. ಆ ಬಟ್ಟೆಯಿಂದ ಹುಡುಗಿಯೊಬ್ಬಳು ನೆಮ್ಮದಿಯಿಂದ ಕಾಲೇಜು ಸೇರಿ ಮನೆಗೆ ಬರುವಳಾದರೆ ನಾವು ಟೀಕಿಸಲು ಕಾರಣವಿಲ್ಲ. ಟೀಕೆಯ ಬದಲು ಕಟ್ಟುವ ಕ್ರಮವನ್ನು ಕಲಿಸೋಣ.

ಸ್ಕೂಟರಿಗೆ ಉಣ್ಣೆ ಬೇಡ, ಜಾರುವ ರೇಷ್ಮೆಯೂ ಬೇಡ. ಎರಡು ಮೀಟರ್ ಉದ್ದ, ಮುಕ್ಕಾಲು ಮೀಟರ್ ಅಗಲದ ಮೆತ್ತನೆಯ ಹತ್ತಿಬಟ್ಟೆ ಸಾಕು. ಉದ್ದಕ್ಕೆ ಎರಡಾಗಿ ಮಡಿಸಿ ತಲೆಯ ಮೇಲೆ ಹಾಕಿಕೊಳ್ಳುವುದು. ಎಡಕ್ಕೆ ಒಂದು ಗೇಣು ಬಿಟ್ಟು ಉಳಿದುದೆಲ್ಲ ಬಲಕ್ಕೆ ಬರಲಿ. ಬಲದ ತುದಿಯನ್ನು ಗದ್ದದ ಕೆಳಗಿನಿಂದ ತಂದು, ಮೂಗಿನ ಮೇಲೆ ಹಾಯಿಸಿ, ಕಿವಿಯ ಮೇಲಿಂದ ಹಿಂದಕ್ಕೆ ಒಯ್ದು ಒಂದು ಸುತ್ತು ಸುತ್ತುವುದು. ಎರಡು ತುದಿಗಳನ್ನೂ ಕತ್ತಿನ ಹಿಂದೆ ಚಿಕ್ಕ ಗಂಟು ಹಾಕಿ, ಗಂಟಿನಾಚೆ ಉಳಿದ ಬಟ್ಟೆಯನ್ನು ಕುಪ್ಪಸದ ಇಲ್ಲವೆ ಜಾಕೀಟಿನ ಕಾಲರಿನೊಳಗೆ ಸೇರಿಸಿಬಿಡಬೇಕು. ಇದರ ಮೇಲೆ ಹೆಲ್ಮೆಟ್ಟು. 1988ರ ಮೋಟಾರು ವಾಹನ ಕಾಯದೆಯಂತೆ ಅದು ಕಡ್ಡಾಯವೆಂಬುದು ಒಂದು ಕಡೆಗಿರಲಿ. ಹೆಲ್ಮೆಟ್ಟಿನ ಅಡಿಯಲ್ಲಿ ದಪ್ಪ ಗಂಟು ಬಂದರೆ ಅದು ತಲೆಗೆ ಸರಿಯಾಗಿ ಕೂಡುವುದಿಲ್ಲ, ಬಿದ್ದಾಗ ಕಳಚಿ ಹೋಗುತ್ತದೆ. ಆದ್ದರಿಂದ ತಲೆಯ ಮೇಲೆ ಒಂದೇ ಪದರ, ಗಂಟು ಕತ್ತಿನ ಹತ್ತಿರ. ಪಟ್ಟಿ ಗದ್ದಕ್ಕೆ ತಾಗಿರಬೇಕು. ಕನ್ನಡಿಯ ಮುಂದೆ ನಿಂತು ಎಡಕ್ಕೂ ಬಲಕ್ಕೂ ಕತ್ತು ತಿರುಗಿಸಿ ನೋಡಬೇಕು. ಬಟ್ಟೆ ಕಣ್ಣಿಗೆ ಅಡ್ಡ ಬಂದರೆ ಮತ್ತೆ ಕಟ್ಟಬೇಕು.

ತುದಿಯನ್ನು ಒಳಗೆ ಸೇರಿಸಿರಿ ಎಂದು ನಾನು ಒತ್ತಿ ಹೇಳಲು ಕಾರಣವುಂಟು. ಜಗತ್ಪ್ರಸಿದ್ಧ ನರ್ತಕಿ ಇಸಡೋರಾ ಡಂಕನ್ 1927ರ ಸಪ್ಟೆಂಬರ್ 14ರಂದು ಫ್ರಾನ್ಸಿನ ನೀಸ್ ನಗರದಲ್ಲಿ ತೆರೆದ ಕಾರಿನಲ್ಲಿ ಹೊರಟಾಗ ಆಕೆಯ ಉದ್ದನೆಯ ರೇಷ್ಮೆ ಸ್ಕಾರ್ಫು ಗಾಲಿಗೆ ಸುತ್ತಿ, ಕೊರಳು ಬಿಗಿದು ಪ್ರಾಣ ಹೋಯಿತು. ಫ್ರಾನ್ಸಿನ ಕಥೆ ದೂರದ್ದಾಯಿತು. ನಮ್ಮಲ್ಲಿ ಓಢಣಿ, ಸೆರಗು, ಸ್ಟೋಲುಗಳು ಬೈಕಿನ ಹಿಂದಿನ ಗಾಲಿಗೆ ಸಿಕ್ಕಿ ಹೆಂಗಸರು ಬಿದ್ದ ಸುದ್ದಿಯನ್ನು ಪತ್ರಿಕೆ ಓದುವ ಯಾರೂ ಬಲ್ಲರು. ಈ ಅಪಾಯವನ್ನು ಅರಿತೇ 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 123ನೆಯ ನಿಯಮವಿದೆ. ಹಿಂದೆ ಕೂತವರ ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂದಿನ ಗಾಲಿಯ ಅರ್ಧಕ್ಕೆ ಕಡಿಮೆಯಿಲ್ಲದಂತೆ ರಕ್ಷಣೆ ಇರಬೇಕು, ಹಿಡಿಯಲು ಹಿಡಿಕೆ, ಕಾಲಿಡಲು ಆಸರೆ ಇರಬೇಕು ಎಂದು ಅದು ಹೇಳುತ್ತದೆ. ಅಂದ ಕೆಡುತ್ತದೆಂದು ಆ ಜಾಲರಿಯನ್ನು ಬಿಚ್ಚಿಸಿಟ್ಟ ಗಂಡುಮಕ್ಕಳು ನಮ್ಮ ಮನೆಗಳಲ್ಲಿಯೂ ಇದ್ದಾರೆ. ಚಳಿಗಾಲದಲ್ಲಿ ಹಿಂದೆ ಕೂತವರ ಮೈಮೇಲೆ ಶಾಲು, ಸೆರಗು, ಸ್ಟೋಲು ಮೂರೂ ಇರುತ್ತವೆ. ಈ ವಾರವೇ ಅದನ್ನು ಮತ್ತೆ ಹಾಕಿಸಿರಿ ಎಂದು ಅವರಿಗೆ ಹೇಳಿರಿ. ಕೇಳದಿದ್ದರೆ ಅವರ ಗಾಡಿಯ ಮೇಲೆ ಕೂಡಬೇಡಿರಿ.

ಇನ್ನೊಂದು ಭ್ರಮೆಯನ್ನೂ ಬಿಡಬೇಕು. ಬಟ್ಟೆ ಸುತ್ತಿಕೊಂಡರೆ ಹೊಗೆ ತಾಗುವುದಿಲ್ಲವೆಂದು ಹಲವರು ತಿಳಿದಿದ್ದಾರೆ. ಹತ್ತಿಬಟ್ಟೆ ಕಣ್ಣಿಗೆ ಕಾಣುವ ಧೂಳನ್ನು ತಡೆಯುತ್ತದೆ, ಗಾಳಿಯ ಥಂಡಿಯನ್ನು ಮುರಿಯುತ್ತದೆ; ವಾಹನಗಳ ಹೊಗೆಯಲ್ಲಿರುವ ಅತಿ ಸೂಕ್ಷ್ಮ ಕಣಗಳು ಅದರ ರಂಧ್ರಗಳಿಂದ ಸುಲಭವಾಗಿ ಒಳಗೆ ಬರುತ್ತವೆ. ಚಳಿಗಾಲದ ನಸುಕಿನಲ್ಲಿ ನೆಲದ ಬಳಿಯ ಗಾಳಿ ತಂಪಾಗಿ, ಅದರ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳದಂತೆ ಕೂಡುವುದರಿಂದ ಆ ಹೊಗೆ ಮೇಲೇರದೆ ನಮ್ಮ ಮೂಗಿನ ಮಟ್ಟದಲ್ಲಿಯೇ ನಿಲ್ಲುತ್ತದೆ.

ಈ ಮಾತಿನಿಂದಲೇ ಎರಡನೆಯ ಸೋದರಿಯ ಮಾವನವರ ಕಡೆಗೆ ಬರಬಹುದು. ನಮ್ಮ ಹಿರಿಯರಿಗೆ ಐದು ಗಂಟೆಗೆ ಎದ್ದು ತಿರುಗಾಡಿ ಬರುವ ರೂಢಿ. ಊರಿನ ಹೊಲದ ದಾರಿಗೂ ಸಿಂಹಗಡ ರಸ್ತೆಗೂ ವ್ಯತ್ಯಾಸವಿದೆ ಎಂದು ಅವರಿಗೆ ಹೇಳುವವರಾರು? ಚಳಿಯ ಎರಡು ತಿಂಗಳು ಸೂರ್ಯ ಮೇಲೇರಿದ ಮೇಲೆ ಹೊರಟರೆ ಚಳಿಯೂ ಕಡಿಮೆ, ಹೊಗೆಯೂ ಕಡಿಮೆ. ಅವರಿಗೆ ನಿಜವಾದ ಉಣ್ಣೆಯ ಮಫ್ಲರೇ ಆಗಬೇಕು. ನಮ್ಮಂಥ ಗುಮಾಸ್ತರ ಮನೆಯಲ್ಲಿ ಹಣ ಖರ್ಚು ಮಾಡುವುದಿದ್ದರೆ ಈ ಒಂದಕ್ಕೆ ಮಾಡಬೇಕು. ಒಂದು ಗೇಣಿಗಿಂತ ತುಸು ಅಗಲ, ಒಂದೂವರೆ ಮೀಟರಿಗೆ ಕಡಿಮೆಯಿಲ್ಲದ ಉದ್ದ ಇರಲಿ. ಎರಡಾಗಿ ಮಡಿಸಿ ಕೊರಳ ಹಿಂದೆ ಹಾಕಿ, ಒಂದು ಕಡೆಯ ಕುಣಿಕೆಯೊಳಗಿಂದ ಎರಡು ತುದಿಗಳನ್ನೂ ಎಳೆದು, ಸ್ವೆಟರಿನೊಳಗೆ ಎದೆಯ ಮೇಲೆ ಹರವಿದರೆ ಎದೆಗೂ ಬೆಚ್ಚಗೆ. ಉಬ್ಬಸದ ತೊಂದರೆಯಿದ್ದವರು ಹೊರಗೆ ಹೋದಾಗ ಅದನ್ನು ಮೂಗು ಬಾಯಿಯ ಮೇಲೆ ಸಡಿಲವಾಗಿ ಎಳೆದುಕೊಂಡು ಮೂಗಿನಿಂದಲೇ ಉಸಿರಾಡಬೇಕು. ಒಳಗೆ ಹೋಗುವ ಗಾಳಿ ತುಸು ಬೆಚ್ಚಗಾಗಿ ತೇವವಾಗಿ ಹೋಗುತ್ತದೆ. ಆದರೆ ಮಫ್ಲರು ಔಷಧವಲ್ಲ. ವೈದ್ಯರು ಕೊಟ್ಟ ಇನ್‌ಹೇಲರು ಕಿಸೆಯಲ್ಲಿರಬೇಕು.

ಮೈಯ ಅರ್ಧ ಶಾಖವೆಲ್ಲ ತಲೆಯಿಂದಲೇ ಹೋಗುತ್ತದೆಂದು ಕಿವಿ ತಲೆ ಬಿಗಿದು ಕಟ್ಟಿ, ಕಾಲಿಗೆ ಏನೂ ಇಲ್ಲದೆ ತಿರುಗುವ ಹಿರಿಯರನ್ನು ಎಲ್ಲರೂ ಕಂಡಿದ್ದೇವೆ. 2008ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲಿನಲ್ಲಿ ಇಬ್ಬರು ವೈದ್ಯರು ಇಂಥ ತಪ್ಪು ತಿಳಿವಳಿಕೆಗಳನ್ನು ಪಟ್ಟಿ ಮಾಡಿದಾಗ ಇದೂ ಅದರಲ್ಲಿತ್ತು. ದೊಡ್ಡವರ ತಲೆ ಮೈಯ ಹತ್ತರಲ್ಲಿ ಒಂದು ಪಾಲಿನಷ್ಟೂ ಇಲ್ಲ. ಅದರಿಂದ ಹೋಗುವ ಶಾಖವೂ ಹೆಚ್ಚುಕಡಿಮೆ ಅದೇ ಪ್ರಮಾಣದ್ದು. ಮಫ್ಲರಿನ ಜೊತೆಗೆ ಕಾಲುಚೀಲವನ್ನೂ ಕೊಡಿಸಿರಿ ಎಂಬುದೇ ಇದರ ತಾತ್ಪರ್ಯ.

ಕೂಸುಗಳ ಮಾತು ಬೇರೆ. ಹಸುಗೂಸಿನ ತಲೆ ಮೈಗೆ ಹೋಲಿಸಿದರೆ ದೊಡ್ಡದು. ಹೊರಗೆ ಒಯ್ಯುವಾಗ ಅಜ್ಜಿಯ ಕುಂಚಿಗೆಯಂಥ ಉಡುಪು ಮತ್ತೊಂದಿಲ್ಲ. ಆದರೆ ಮನೆಯೊಳಗೆ ಮಲಗಿಸಿದಾಗ ಅದನ್ನು ಬಿಚ್ಚಬೇಕು. ಮೈ ಹೆಚ್ಚು ಬಿಸಿಯಾಗುವುದೂ ಬಟ್ಟೆ ಜಾರಿ ಮೂಗನ್ನು ಮುಚ್ಚುವುದೂ ಕೂಸಿಗೆ ಚಳಿಗಿಂತ ದೊಡ್ಡ ಅಪಾಯ. ಶಾಲೆಗೆ ಹೋಗುವ ಮಕ್ಕಳಿಗೆ ಉದ್ದನೆಯ ಮಫ್ಲರು ಬೇಡವೇ ಬೇಡ. ಜಾರುಬಂಡೆ, ಜೋಕಾಲಿ, ಶಾಲೆಯ ಬಸ್ಸಿನ ಬಾಗಿಲು, ಎಲ್ಲಿಯಾದರೂ ಸಿಕ್ಕಿಕೊಂಡೀತು. ತುದಿಯಿಲ್ಲದ ದುಂಡು ಕೊರಳಪಟ್ಟಿಯನ್ನು ಎರಡು ಸಂಜೆಯಲ್ಲಿ ಹೆಣೆಯಬಹುದು.

ಕಳೆದ ವರ್ಷದ ಕುಂಚಿಗೆಯನ್ನು ಟ್ರಂಕಿನಿಂದ ತೆಗೆದು ನೇರವಾಗಿ ಕೂಸಿಗೆ ಹಾಕುವ ತಾಯಂದಿರಿಗೆ ಇನ್ನೊಂದು ಎಚ್ಚರಿಕೆ. ನಾವು ಬಟ್ಟೆಯ ನಡುವೆ ಇಡುವ ನುಸಿಗುಳಿಗೆ ನ್ಯಾಫ್ತಲೀನ್ ಎಂಬ ವಸ್ತು. ಕೆಲವು ಕೂಸುಗಳಿಗೆ ಜಿ6ಪಿಡಿ ಎಂಬ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರುತ್ತದೆ. ಅಂಥ ಕೂಸಿಗೆ ನ್ಯಾಫ್ತಲೀನಿನ ಆವಿ ತಾಗಿದರೆ ರಕ್ತದ ಕೆಂಪು ಕಣಗಳು ಒಡೆದು ಕಾಮಾಲೆಯಾಗಬಹುದು, ಪ್ರಾಣಕ್ಕೂ ಬರಬಹುದು. ಆದ್ದರಿಂದ ಕೂಸಿನ ಬಟ್ಟೆಗಳ ಟ್ರಂಕಿಗೆ ಆ ಗುಳಿಗೆಯನ್ನು ಹಾಕಲೇಬಾರದು. ನುಸಿ ಹಿಡಿಯುವುದು ಕೊಳೆ, ಬೆವರು ಇದ್ದ ಉಣ್ಣೆಗೆ. ಬಟ್ಟೆಯನ್ನು ತಿನ್ನುವುದು ಹಾರುವ ನುಸಿಯಲ್ಲ, ಅದರ ಮರಿಹುಳು. ಚಳಿ ಮುಗಿದ ಮೇಲೆ ತಣ್ಣೀರಿನಲ್ಲಿ ಮೆತ್ತಗೆ ಒಗೆದು, ಹಿಂಡದೆ ಟವೆಲಿನಲ್ಲಿ ಒತ್ತಿ, ನೆರಳಿನಲ್ಲಿ ಹರವಿ ಒಣಗಿಸಿ, ಬಿಗಿಯಾದ ಚೀಲದಲ್ಲಿ ಮುಚ್ಚಿಟ್ಟರೆ ಹುಳುವಿಗೆ ಅವಕಾಶವೇ ಇಲ್ಲ. ತೂಗುಹಾಕಿ ಒಣಗಿಸಿದ ಉಣ್ಣೆ ತನ್ನ ಭಾರಕ್ಕೆ ತಾನೇ ಜೋತು ಆಕಾರ ಕೆಡುತ್ತದೆ.

ಇಷ್ಟು ಹೇಳಿದ ಮೇಲೆ ಅಂದ ಚೆಂದದ ಮಾತಿಗೆ ಬರಲು ಅಡ್ಡಿಯಿಲ್ಲ. ಸೀರೆಯ ಮೇಲೆ ಹೊದೆಯುವ ಶಾಲಿಗೆ ಒಂದು ಸುಲಭ ಸೂತ್ರ: ಸೀರೆ ಮಾತಾಡುತ್ತಿದ್ದರೆ ಶಾಲು ಸುಮ್ಮನಿರಬೇಕು. ದೊಡ್ಡ ಅಂಚಿನ ಸೀರೆಗೆ ಹೂಬಳ್ಳಿಯಿಲ್ಲದ ಒಂದೇ ಬಣ್ಣದ ಶಾಲು. ಬರಿ ಬಣ್ಣದ ಸೀರೆಗೆ ಕಸೂತಿಯ ಶಾಲು. ಕಚೇರಿಗೆ ಹೋಗುವವರು ಕಂದು, ಬೂದು, ಕುಂಕುಮಗೆಂಪು ಇವುಗಳಲ್ಲಿ ಒಂದನ್ನು ಕೊಂಡರೆ ವಾರದ ಆರೂ ಸೀರೆಗಳಿಗೆ ಹೊಂದುತ್ತದೆ. ಶಾಲನ್ನು ಎಡ ಹೆಗಲಿಗೆ ಮಡಿಸಿ ಹಾಕಿ ಒಂದು ಪಿನ್ನು ಚುಚ್ಚಿದರೆ ಸೆರಗು ಮರೆಯಾಗುವುದಿಲ್ಲ.

ಹಣ ಖರ್ಚಿಲ್ಲದೆ ಅಪೂರ್ವವಾದ ಸ್ಕಾರ್ಫು ಬೇಕಾದರೆ ಅಜ್ಜಿಯ ಟ್ರಂಕು ತೆಗೆಯಿರಿ. ಮರಾಠಿಯವರು ಇರಕಲ್ ಎಂದು ಪ್ರೀತಿಯಿಂದ ಕರೆಯುವ ನಮ್ಮ ಇಳಕಲ್ಲ ಸೀರೆಯಲ್ಲಿ ಒಡಲಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಕೊಂಡಿ ಹಾಕಿ ನೇಯುತ್ತಾರೆ. ಒಡಲು ಹತ್ತಿಯದಾದರೆ ಅದು ಹರಿದ ಮೇಲೂ ಟೋಪ ತೆನಿಯ ಕೆಂಪು ರೇಷ್ಮೆ ಸೆರಗು ಗಟ್ಟಿಯಾಗಿಯೇ ಉಳಿದಿರುತ್ತದೆ. ಆ ಸೆರಗನ್ನು ಒಡಲಿನ ನಾಲ್ಕು ಬೆರಳಿನೊಡನೆ ಕತ್ತರಿಸಿ, ಅಂಚು ಹೊಲಿದು, ಒಳಗೆ ಮೆತ್ತನೆಯ ಹತ್ತಿಯ ಅಸ್ತರು ಕೊಟ್ಟರೆ ಮದುವೆ ಮುಂಜಿಗೆ ಹೊದೆಯುವಂಥದ್ದಾಗುತ್ತದೆ. ಸೀರೆ ಗಟ್ಟಿಯಿದ್ದರೆ ಮಾತ್ರ ಕತ್ತರಿ ಹಾಕಬೇಡಿ. ಅದು ಉಡುವುದಕ್ಕೇ ಇರಲಿ. ಗುಳೇದಗುಡ್ಡದ ಖಣವೂ ಈಗ ಪುಣೆಯ ಅಂಗಡಿಗಳಲ್ಲಿ ಕುಪ್ಪಸದ ಗೆರೆ ದಾಟಿ ಚೀಲ, ಓಢಣಿಗಳಾಗಿ ಬಂದಿದೆ. ಬೆಂಗಳೂರಿನ ನೆಂಟರಿಗೆ ಕೊಡಲು ಇದಕ್ಕಿಂತ ಒಳ್ಳೆಯ ಕಾಣಿಕೆಯಿಲ್ಲ.

ಸಂಕ್ರಾಂತಿ ಬಂದಾಗ ನಮ್ಮ ಮನೆಗಳಲ್ಲಿ ಒಂದು ಚರ್ಚೆ ತಪ್ಪದು. ಹಬ್ಬಕ್ಕೆ ಕರಿ ಬಟ್ಟೆ ನಮ್ಮಲ್ಲಿ ನಿಷಿದ್ಧ. ಇಲ್ಲಿಯವರು ಆ ದಿನವೇ ಹುಡುಕಿ ಕರಿ ಸೀರೆ ಉಡುತ್ತಾರೆ. ವರ್ಷದ ಚಳಿಯ ದಿನಗಳಲ್ಲಿ ಕರಿ ಬಣ್ಣ ಬಿಸಿಲನ್ನು ಹೀರಿ ಬೆಚ್ಚಗಿಡುತ್ತದೆ ಎಂದು ಅವರು ಹೇಳುವ ಕಾರಣದಲ್ಲಿ ಹುರುಳಿದೆ. ಅತ್ತೆಯವರಿಗೂ ಸಮಾಧಾನ, ನೆರೆಯವರಿಗೂ ಸಂತೋಷ ಆಗಬೇಕಾದರೆ ಹಸಿರು ಸೀರೆಯ ಮೇಲೆ ಕರಿ ಶಾಲು ಹೊದ್ದು ತಿಳಗುಳ ಕೊಡಲು ಹೋಗಿರಿ. ಬರುವಾಗ ಎಳ್ಳುಬೆಲ್ಲ ಕೊಟ್ಟು ಬನ್ನಿರಿ.

ಡಿಸೆಂಬರಿನ ಇನ್ನೊಂದು ಹಬ್ಬವೆಂದರೆ ಸವಾಯಿ ಗಂಧರ್ವ ಮಹೋತ್ಸವ. ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರ ನೆನಪಿಗಾಗಿ ಅವರ ಶಿಷ್ಯರಾದ ಗದಗಿನ ಭೀಮಸೇನ ಜೋಶಿಯವರು 1953ರಲ್ಲಿ ಇದನ್ನು ಈ ಊರಿನಲ್ಲಿ ಆರಂಭಿಸಿದರು. ಗುರು ಶಿಷ್ಯರಿಬ್ಬರೂ ನಮ್ಮವರೆಂಬ ಹೆಮ್ಮೆಯಿಂದ ನಾವು ಅಲ್ಲಿಗೆ ಹೋಗುತ್ತೇವೆ. ರಮಣಬಾಗ ಶಾಲೆಯ ಬಯಲಿನಲ್ಲಿ ಹಾಡಿಕೆ ಬೆಳಗಿನವರೆಗೆ ನಡೆಯುತ್ತಿದ್ದ ಕಾಲದಲ್ಲಿ ಶಾಲು, ಮಫ್ಲರು, ಕಂಬಳಿ, ಚಹದ ಥರ್ಮಾಸು ಸಮೇತ ಸಂಸಾರಗಳೇ ಬಂದು ಕೂಡುತ್ತಿದ್ದುವಂತೆ. ಧ್ವನಿವರ್ಧಕದ ನಿಯಮಗಳು ಬಂದ ಮೇಲೆ ಆ ರಾತ್ರಿಗಳು ಹೋದವು. ಆದರೂ ಸಂಜೆಯ ಬಯಲ ಮಂಟಪದಲ್ಲಿ ಬೆನ್ನಿಗೆ ಥಂಡಿ ಏರುತ್ತದೆ. ಅಂಥಲ್ಲಿಗೆ ಸ್ಟೋಲು ಸಾಲದು, ಮೈತುಂಬ ಹೊದೆಯುವ ಶಾಲೇ ಬೇಕು.

ಅಡಿಗೆ ಮನೆಯ ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ನಸುಕಿನಲ್ಲಿ ಎದ್ದು ಹೊದ್ದ ಶಾಲಿನಲ್ಲಿಯೇ ಗ್ಯಾಸು ಹಚ್ಚುವ ರೂಢಿ ಹಲವರಿಗುಂಟು. ಆಕ್ರಿಲಿಕ್ ಬೆಂಕಿ ಹಿಡಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ, ಕೀಳಲು ಬಾರದು. ಶಾಲನ್ನು ಬಾಗಿಲ ಹೊರಗಿನ ಗೂಟಕ್ಕೆ ಹಾಕಿ ಒಳಗೆ ಹೋಗಿರಿ.

ಕೊನೆಯದಾಗಿ ನಮ್ಮ ಸಂಘದವರೆಲ್ಲರ ಮನೆಯಲ್ಲಿರುವ ಒಂದು ವಸ್ತುವಿನ ಬಗೆಗೆ ಬರೆಯಬೇಕು. ಸನ್ಮಾನದ ಶಾಲುಗಳು! ನಾವು ಕನ್ನಡಿಗರು ಶಾಲು ಹೊದಿಸದೆ ಸಭೆ ಮುಗಿಸುವುದಿಲ್ಲ. ರಾಜ್ಯೋತ್ಸವ, ನಿವೃತ್ತಿ, ಷಷ್ಟ್ಯಬ್ದಿ, ಮಕ್ಕಳ ಅಂಕಗಳ ಅಭಿನಂದನೆ, ಎಲ್ಲಕ್ಕೂ ಒಂದು ಶಾಲು, ಒಂದು ಫಲತಾಂಬೂಲ. ಜರಿಯ ಅಂಚಿನ ಆ ಶಾಲು ಚಪ್ಪಾಳೆ ನಿಲ್ಲುವ ಮೊದಲೇ ಮಡಿಕೆಗೆ ಮರಳಿ ಕಪಾಟು ಸೇರುತ್ತದೆ. ಎಷ್ಟೋ ಮನೆಗಳಲ್ಲಿ ಹತ್ತು ಹದಿನೈದು ಬಿದ್ದಿರುತ್ತವೆ. ಸನ್ಮಾನ ಬೇಡವೆಂದು ಹೇಳಲು ನಾನು ಯಾರು? ಆದರೆ ಸಂಘದ ಹಿರಿಯರಲ್ಲಿ ಒಂದು ವಿನಂತಿ. ಹೊದಿಸುವುದಾದರೆ ಹೊದೆಯಬಹುದಾದ ಬಟ್ಟೆಯನ್ನು ಹೊದಿಸೋಣ. ರಾಣೆಬೆನ್ನೂರು ಬಳಿಯ ಮೆಡ್ಲೇರಿ, ಚಿತ್ರದುರ್ಗದ ಚಳ್ಳಕೆರೆ, ಈ ಕಡೆಗಳಲ್ಲಿ ಕುರುಬ ನೇಕಾರರು ದಖನಿ ಕುರಿಯ ಉಣ್ಣೆಗೆ ಹುಣಸೆಬೀಜದ ಗಂಜಿ ಹಚ್ಚಿ ಕಂಬಳಿ ನೇಯುತ್ತ ಬಂದವರು. ಅದು ಒರಟು, ಕೊರಳಿಗೆ ಚುಚ್ಚುವುದು ನಿಜ. ಆದರೆ ಸನ್ಮಾನಿತರು ಅದನ್ನು ಕಪಾಟಿನಲ್ಲಿಡದೆ ರಾತ್ರಿ ಕಾಲಿನ ಮೇಲೆ ಹಾಕಿಕೊಳ್ಳುವರು. ನೇಯ್ದವನಿಗೆ ಕೂಲಿಯೂ ಸಿಕ್ಕುವುದು.

ಈಗಾಗಲೇ ಕಪಾಟಿನಲ್ಲಿರುವ ಶಾಲುಗಳಿಗೂ ಕೊರಳುಗಳಿವೆ. ನಮ್ಮ ಹೊಸ ಬಡಾವಣೆಗಳಲ್ಲಿ ಏಳುತ್ತಿರುವ ಎತ್ತರದ ಕಟ್ಟಡಗಳ ಹಿಂದೆ ತಗಡಿನ ಸಾಲುಮನೆಗಳನ್ನು ನೋಡಿದ್ದೀರಿ. ಅಲ್ಲಿ ಇರುವವರಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯಿಂದ ಕೂಲಿಗೆ ಬಂದ ನಮ್ಮ ಭಾಷೆಯ ಜನ ಅನೇಕರು. ತಗಡು ಹಗಲು ಕಾಯುತ್ತದೆ, ರಾತ್ರಿ ಕೊರೆಯುತ್ತದೆ. ನಸುಕಿನಲ್ಲಿ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ನೀರಿಗೆ ನಿಂತ ಹೆಣ್ಣುಮಗಳು ತನ್ನ ಸೆರಗನ್ನೇ ಕೂಸಿಗೂ ಹೊದಿಸಿರುತ್ತಾಳೆ. ಅವರು ನಮ್ಮ ಸಂಘದ ಸದಸ್ಯರಲ್ಲ, ಈ ಪತ್ರಿಕೆ ಅವರ ಕೈಗೆ ಹೋಗುವುದಿಲ್ಲ. ಆದರೂ ಊರು ಬಿಟ್ಟು ಬಂದ ಕನ್ನಡ ಕುಟುಂಬಗಳೆಂದರೆ ನಾವಷ್ಟೇ ಅಲ್ಲ. ಹರಿದುದನ್ನು, ಬಣ್ಣಗೆಟ್ಟುದನ್ನು ಕೊಡುವುದು ಬೇಡ. ಒಗೆದು ಮಡಿಸಿದ ಗಟ್ಟಿ ಶಾಲುಗಳನ್ನು ನಾಲ್ಕೈದು ಮನೆಗಳವರು ಸೇರಿಸಿ, ಕೆಲಸ ಬಿಟ್ಟ ಸಂಜೆ ಅಲ್ಲಿಗೆ ಹೋಗಿ, ಯಾವೂರಿನವರು ಎಂದು ಕೇಳಿ ಕೊಟ್ಟು ಬನ್ನಿರಿ. ಫೋಟೋ ತೆಗೆಯಬೇಡಿ. ಮಾತಾಡಿಸಿದ್ದಕ್ಕೇ ಅವರಿಗೆ ಅರ್ಧ ಬೆಚ್ಚಗಾಗುತ್ತದೆ.

ಬರುವ ಸಂಚಿಕೆಯ ಹೊತ್ತಿಗೆ ಬೇಸಗೆ ತಲೆಹಾಕಿರುತ್ತದೆ. ಮಣ್ಣಿನ ಗಡಿಗೆಯ ಆಯ್ಕೆ, ಹಪ್ಪಳ ಸಂಡಿಗೆಗೆ ಬಾಲ್ಕನಿಯಲ್ಲಿ ಬಿಸಿಲು ಹುಡುಕುವ ಬಗೆ ಇವುಗಳನ್ನು ಕುರಿತು ಬರೆಯಬೇಕೆಂದಿದ್ದೇನೆ. ನಿಮ್ಮ ಅನುಭವಗಳನ್ನು ಬರೆದು ತಿಳಿಸಿರಿ. ಅಲ್ಲಿಯವರೆಗೆ ಎಲ್ಲರೂ ಬೆಚ್ಚಗಿರಿ.